ಹೆಬ್ಬಾತಿನ ಗರಿ

ಬಾರೆಂಟ್ ಕೂಯ್‌ಗೆ ಎಚ್ಚರವಾದ ಕೂಡಲೇ ನೆನಪಾದದ್ದು ದೊರೆಯ ಮುರಿದ ಹೆಗಲಿನ ಮೂಳೆ. ಕಂಬಳಿಯೊಳಗೇ ಕೈಯಾಡಿಸಿ ತನ್ನದನ್ನು ಮುಟ್ಟಿ ನೋಡಿಕೊಂಡ. ಕೊರಳ ಬುಡದಿಂದ ತೋಳಿನ ತನಕ ಒಂದು ಬಿರುಕೂ ಇಲ್ಲದೆ, ಒಂದಿಷ್ಟು ನಾಚಿಕೆಯೂ ಇಲ್ಲದೆ ನೆಟ್ಟಗಿತ್ತು. ಹದಿನೈದು ದಿನಗಳಿಂದ ಅವನಿಗೆ ಬೆಳಗಾಗುತ್ತಿದ್ದದ್ದೇ ಹೀಗೆ. ಊರಿನವರು ದೇವರನ್ನು ನೆನೆದು ಏಳುತ್ತಿದ್ದರೆ ಇವನು ಒಂದು ಮೂಳೆಯನ್ನು ನೆನೆದು ಏಳುತ್ತಿದ್ದ. ಮೂಳೆಯ ಕಡೆಗೊಂದು ಅನುಕೂಲವಿತ್ತು: ದೇವರ ಸುದ್ದಿಯನ್ನು ಯಾರೂ ತರುವುದಿಲ್ಲ, ಮೂಳೆಯ ಸುದ್ದಿ ಲಂಡನ್ನಿನಿಂದ ದಿನವೂ ದೋಣಿಯಲ್ಲಿ ಬರುತ್ತಿತ್ತು. ಕೂಡಿಸಿದ್ದಾರೆ ಎಂದರು. ಕೂಡಿದ್ದು ಗಾಡಿಯ ಕುಲುಕಾಟಕ್ಕೆ ಮತ್ತೆ ಬಿಟ್ಟಿದೆ ಎಂದರು. ಮತ್ತೆ ಕೂಡಿಸಿದ್ದಾರೆ, ದೊರೆ ಎದ್ದು ಓಡಾಡಿದರು, ಕಿಟಕಿಯ ಪಕ್ಕ ಕುರ್ಚಿಯಲ್ಲೇ ನಿದ್ದೆ ಹೋದರು, ಸ್ವಲ್ಪ ಜ್ವರ, ಗಾಬರಿಯಿಲ್ಲ ಎಂದರು. ಗಾಬರಿಯಿಲ್ಲ ಎಂಬ ಮಾತನ್ನು ಬಾರೆಂಟ್ ನಿನ್ನೆ ರಾತ್ರಿ ಹಾಸಿಗೆಗೆ ಒಯ್ದು ತಲೆಯಡಿ ಇಟ್ಟುಕೊಂಡು ಮಲಗಿದ್ದ. ದೊರೆ ಬದುಕಿದರೆ ತನ್ನದು ಒಂದು ತಪ್ಪು. ಸತ್ತರೆ ಅದಕ್ಕೆ ಬೇರೆ ಹೆಸರಿದೆ. ಆ ಹೆಸರನ್ನು ಅವನು ಇಂಗ್ಲಿಷಿನಲ್ಲಿ ನೆನೆದುಕೊಳ್ಳುತ್ತಿರಲಿಲ್ಲ, ತನ್ನ ಡಚ್ಚಿನಲ್ಲಂತೂ ಇಲ್ಲವೇ ಇಲ್ಲ.

ಅವನ ಕಸುಬು ಮಣ್ಣಿಲಿ ಹಿಡಿಯುವುದು. ನೆಲದೊಳಗೇ ಹುಟ್ಟಿ ನೆಲದೊಳಗೇ ಸಾಯುವ ಪ್ರಾಣಿ ಅದು. ಮುಂಗಾಲುಗಳೇ ಅದರ ಗುದ್ದಲಿ, ಮೈಯೆಲ್ಲ ಕರಿ ಮಖಮಲ್ಲು, ಕಣ್ಣು ಇದ್ದೂ ಇಲ್ಲ. ಒಳಗೆ ಸುರಂಗ ಕೊರೆದು ಆ ಮಣ್ಣನ್ನು ಮೇಲಕ್ಕೆ ತಳ್ಳಿ ಬುಟ್ಟಿ ಬೋರಲು ಹಾಕಿದಂಥ ಗುಡ್ಡೆ ಮಾಡುತ್ತದೆ. ದೊರೆ ತನ್ನ ಹಾಲೆಂಡಿನಿಂದ ಇಂಗ್ಲಿಷರ ನಾಡಿಗೆ ಮೊದಲು ಹಡಗುಗಟ್ಟಲೆ ಸೈನ್ಯ ತಂದ. ಸಿಂಹಾಸನ ಸಿಕ್ಕ ಮೇಲೆ ತೊಟ್ಟಿಗಟ್ಟಲೆ ಕಿತ್ತಳೆ ಗಿಡ ತಂದ. ಗಿಡದ ಹಿಂದೆ ತೋಟದವರು ಬಂದರು, ತೋಟದವರ ಹಿಂದೆ ಬಾರೆಂಟ್. ಬಂದು ಹದಿಮೂರು ವರ್ಷವಾಯಿತು. ಈ ಊರಿನವಳನ್ನೇ ಮದುವೆಯಾದ, ಈ ಊರಿನ ಬಿಯರಿಗೇ ಹೊಟ್ಟೆ ಒಗ್ಗಿಸಿಕೊಂಡ. ಆದರೂ ಊರಿಗೆ ಅವನು ಬೆಣ್ಣೆಡಬ್ಬಿ. ಡಚ್ಚರೆಲ್ಲರಿಗೂ ಇಲ್ಲಿ ಅದೇ ಹೆಸರು. ಯಾರಿಗೂ ಬೆಣ್ಣೆ ಹಚ್ಚಲು ಬಾರದವನಿಗೆ ಆ ಹೆಸರು ಅಂಟಿಕೊಂಡದ್ದು ಹೇಗೆ ಎಂದು ಅವನು ಎಷ್ಟೋ ಸಲ ಯೋಚಿಸಿದ್ದುಂಟು. ಹೊರಗಿನಿಂದ ಬಂದ ದೊರೆಗೂ ಹಿಂದಿನಿಂದ ಅದೇ ಹೆಸರು ಎಂದು ತಿಳಿದ ದಿನ ಮಾತ್ರ ಒಂಥರಾ ಹೆಮ್ಮೆಯಾಗಿತ್ತು. ದೊರೆಯ ಮುಖ ಅವನು ಕಂಡದ್ದಿಲ್ಲ. ಕೆಮ್ಮು ಮಾತ್ರ ಗೊತ್ತಿತ್ತು. ಬೇಲಿಗಿಡದ ಆಚೆ ಆ ಒಣ ಕೆಮ್ಮು ಕೇಳಿದಾಗಲೆಲ್ಲ ಬಾರೆಂಟ್ ಟೋಪಿ ತೆಗೆದು ಎಲೆಗಳಿಗೆ ನಮಸ್ಕರಿಸುತ್ತಿದ್ದ. ರಾಣಿ ಸಿಡುಬಿನಲ್ಲಿ ಹೋದ ಮೇಲೆ ಆ ಕೆಮ್ಮಿಗೆ ಇನ್ನಷ್ಟು ವಯಸ್ಸಾಗಿತ್ತು.

ಹಿತ್ತಲಲ್ಲಿ ಹೆಂಡತಿ ಡಾರ್ಕಸ್ ಬಗ್ಗಿ ಏನೋ ನೆಡುತ್ತಿದ್ದಳು. ಬಾಗಿಲಿಗೆ ಬಂದು ನಿಂತವನಿಗೆ ಮೊದಲು ಕಂಡದ್ದು ಅವಳ ಬೆನ್ನು, ಆಮೇಲೆ ಬಟಾಣಿ ಸಾಲು, ಸಾಲಿನ ತುದಿಯಲ್ಲಿ ಆ ಕಡ್ಡಿ. ವಿಲೋ ಮರದ ಮೊಣಕಾಲುದ್ದದ ಕಡ್ಡಿ, ತುದಿಗೆ ದಾರದಲ್ಲಿ ಕಟ್ಟಿದ ಹೆಬ್ಬಾತಿನ ಬಿಳಿ ಗರಿ. ತಾನೇ ಸೌದೆ ರಾಶಿಯ ಅಡಿಯಲ್ಲಿ ಬಚ್ಚಿಟ್ಟಿದ್ದದ್ದು.

"ಅದನ್ನ ಎಲ್ಲಿಂದ ತಂದೆ ನೀನು?"

"ಯಾವುದನ್ನ? ಇದಾ? ಸೌದೆ ಕೆಳಗೆ ಬಿದ್ದಿತ್ತು. ಸಾಲಿಗೆ ಗುರುತು ಬೇಕಿತ್ತು, ನೆಟ್ಟೆ. ನೀನು ಕಾಲಿಟ್ಟು ತುಳೀದೇ ಇರ್ಲಿ ಅಂತ."

"ತೆಗಿ ಅದನ್ನ."

"ಯಾಕೆ, ಚಿನ್ನದ್ದಾ?" ಡಾರ್ಕಸ್ ಸೊಂಟ ಹಿಡಿದು ಎದ್ದಳು. "ಹದಿನೈದು ದಿನದಿಂದ ನೋಡ್ತಾ ಇದೀನಿ. ಊಟ ಸೇರಲ್ಲ, ಮಾತಿಲ್ಲ ಕತೆಯಿಲ್ಲ. ಕಡ್ಡೀನ ಗುಡ್ಡ ಮಾಡ್ಬೇಡ ಮಾರಾಯ. ಬಾ, ರೊಟ್ಟಿ ತಿನ್ನು. ಪ್ರಾರ್ಥನೆಗೆ ಹೊತ್ತಾಯ್ತು."

ಕಡ್ಡಿ, ಗುಡ್ಡ. ಅವಳಿಗೇನೂ ಗೊತ್ತಿಲ್ಲ. ಗೊತ್ತಿಲ್ಲದೆಯೇ ಇಷ್ಟು ಸರಿಯಾಗಿ ಹೇಳುವ ಹೆಂಡತಿಯ ಜತೆ ಹದಿನೈದು ದಿನ ಬಾಳುವುದು ಸುಲಭವಲ್ಲ. ರೊಟ್ಟಿ ಬಾಯಲ್ಲಿ ಮಣ್ಣಿನ ಹಾಗೆ ಹೊರಳಿತು. ಮಣ್ಣಿನ ರುಚಿ ಅವನಿಗೆ ಚೆನ್ನಾಗಿಯೇ ಗೊತ್ತು, ಅಪ್ಪ ತಿನ್ನಿಸಿದ್ದ. ನೀರಿಗಿಂತ ತಗ್ಗಿನಲ್ಲಿರುವ ಅವರ ಊರಿನಲ್ಲಿ ಏರಿಯೊಳಗೆ ಮಣ್ಣಿಲಿ ತೂತು ಕೊರೆದರೆ ಆ ತೂತಿನಲ್ಲಿ ಹೊಳೆ ನುಗ್ಗುತ್ತದೆ. ಹಾಗಾಗಿ ಅಲ್ಲಿ ಮಣ್ಣಿಲಿ ಹಿಡಿಯುವವನೆಂದರೆ ಪಾದ್ರಿಯ ನಂತರದ ಮನುಷ್ಯ. ಏರಿಯ ಮೇಲೆ ಮಂಡಿಯೂರಿ ಅಪ್ಪ ಒಂದು ಚಿಟಿಕೆ ಹಸಿಮಣ್ಣು ನಾಲಗೆಯ ಮೇಲಿಟ್ಟು, ನೋಡು, ತಣ್ಣಗಿದ್ರೆ ಆಳದ್ದು, ಈಗ ತಾನೇ ಮೇಲೆ ಬಂದಿದ್ದು ಅನ್ನುತ್ತಿದ್ದ. ಹಳೆ ಗುಡ್ಡೆಗಳನ್ನೆಲ್ಲ ಕಾಲಲ್ಲಿ ಒತ್ತಿ ನೆಲಸಮ ಮಾಡು. ಕೊನೇ ಗುಡ್ಡೆಯೊಂದನ್ನ ಮಾತ್ರ ಬಿಡು. ಅದು ದಿನಾ ಯಾವ ಕಡೆ ಉಬ್ಬುತ್ತೆ ನೋಡು, ಸುರಂಗ ಎತ್ತ ಹೋಗ್ತಿದೆ ಅಂತ ಅದೇ ಹೇಳುತ್ತೆ. ಆದರೆ ಪಕ್ಕದಲ್ಲಿ ಗರಿ ನೆಡದೆ ಮಾತ್ರ ಬಿಡಬೇಡ. ಕುದುರೆಗೆ, ಹಸುಗೆ, ಕುಡಿದು ಮನೆಗೆ ಹೋಗೋನಿಗೆ ಕಾಣ್ಬೇಕು. ಗರಿಯಿಲ್ಲದ ಗುಡ್ಡೆ ಬಿಟ್ಟೋನು ನಮ್ಮ ಕಸುಬಿನೋನಲ್ಲ.

ಇಂಗ್ಲಿಷರಲ್ಲಿ ಇದಿಲ್ಲ. ಕಂಡ ಗುಡ್ಡೆಯನ್ನೆಲ್ಲ ಒಂದೇ ಸಮ ಹರಗಿಬಿಡುವುದು ಇವರ ಪದ್ಧತಿ. ಮಣ್ಣಿಲಿ ಒಳಗೆ ಹಾಯಾಗಿರುತ್ತದೆ, ಮೇಲೆ ನೆಲ ಚಂದ ಕಾಣುತ್ತದೆ. ದೊರೆ ಬೇಟೆಗೆ ಬರುವ ಹಿಂದಿನ ದಿನ, ಆ ಶುಕ್ರವಾರ, ಅರಮನೆಯ ಜಿಂಕೆವನದ ಉದ್ದನೆಯ ಕುದುರೆದಾರಿಯಲ್ಲಿ ಬಾರೆಂಟ್ ಹಾಗೆ ಒಂದು ಗುಡ್ಡೆ ಬಿಟ್ಟು ಗರಿ ನೆಟ್ಟಿದ್ದ. ಒಂದೇ ಒಂದು ಮುದಿ ಮಣ್ಣಿಲಿ ಹನ್ನೊಂದು ದಿನದಿಂದ ಅವನನ್ನು ಆಟವಾಡಿಸುತ್ತಿತ್ತು. ದಾರಿಯನ್ನು ಹರಗುವ ಕೆಲಸ ಹಾಲಿಕ್ ತಾತನದು. ಮೂವತ್ತೊಂದು ವರ್ಷದಿಂದ ಅದೇ ದಾರಿ, ಅದೇ ಉದ್ದ ಹಿಡಿಯ ಹಲ್ಲುಹಲ್ಲಿನ ಹಲುಬೆ. ತಾತ ಬಂದು ಗರಿ ನೋಡಿ, ಗುಡ್ಡೆಯನ್ನು ಬಿಟ್ಟು, ಸುತ್ತ ಹರಗಿಕೊಂಡು ಮುಂದೆ ಹೋದ. ಆಮೇಲೆ ವನದ ಯಜಮಾನ ಟಫ್ನೆಲ್, ಅವನ ಹಿಂದೆ ನಾಯಿ ಹಿಡಿದ ನಾಲ್ಕು ಜನ. ಟಫ್ನೆಲ್ ಕುದುರೆ ನಿಲ್ಲಿಸಿ ಗರಿಯನ್ನು ನೋಡಿದ.

"ಇದೇನೋ ಬೆಣ್ಣೆಡಬ್ಬಿ, ಬಾವುಟ ನೆಟ್ಟಿದೀಯಾ? ಇಡೀ ದೇಶ ತಗೊಂಡಿದ್ದು ಸಾಲ್ದು ಅಂತ ಇಲಿ ಬಿಲಾನೂ ಗೆದ್ಕೊಂಡ್ರಾ?"

ನಾಲ್ಕು ಜನ ನಕ್ಕರು. ನಾಯಿಗಳೂ ನಕ್ಕ ಹಾಗೆ ಕಂಡಿತು. "ಅದಕ್ಕೊಂದು ಕಿರೀಟಾನೂ ಇಡಯ್ಯಾ," ಎಂದ ಒಬ್ಬ. ಅವರು ಹೋದ ಮೇಲೂ ಆ ನಗು ಅಲ್ಲೇ ಕುದುರೆಯ ಬೆವರಿನ ವಾಸನೆಯಂತೆ ನಿಂತಿತ್ತು. ಬಾರೆಂಟ್ ಕಡ್ಡಿಯನ್ನು ಕಿತ್ತ. ಕಿತ್ತದ್ದಷ್ಟೆ. ಗುಡ್ಡೆಯನ್ನು ತುಳಿಯಬಹುದಿತ್ತು, ಒಂದು ಹೆಜ್ಜೆಯ ಕೆಲಸ. ತುಳಿಯಲಿಲ್ಲ. ಬೇಡವಾ ಗರಿ, ಆಯ್ತು, ಬೇಡ. ನಿಮ್ಮ ಕುದುರೆ, ನಿಮ್ಮ ದಾರಿ, ನಿಮ್ಮ ನೆಲ. ಆ ಗಳಿಗೆಯಲ್ಲಿ ಅವನ ಮನಸ್ಸಿನ ಕಣ್ಣ ಮುಂದೆ ಬಿದ್ದು ಮಣ್ಣು ಮುಕ್ಕಿದ್ದು ಟಫ್ನೆಲ್. ಇದನ್ನು ಬಾರೆಂಟ್ ಹದಿನೈದು ದಿನದಲ್ಲಿ ನೂರು ಸಲ ದೇವರಿಗೆ ಬಿಡಿಸಿ ಹೇಳಿದ್ದ: ನಾನು ಬೀಳಿಸಿದ್ದು ಟಫ್ನೆಲ್‌ನನ್ನು, ಬಿದ್ದದ್ದು ದೊರೆ. ಮರುದಿನ ದೊರೆಯ ಕುದುರೆಯ ಮುಂಗಾಲು ಆ ಗುಡ್ಡೆಯೊಳಗೆ ಇಳಿಯಿತು. ಒಬ್ಬ ದೊರೆಯನ್ನು ಮೇಲೆತ್ತಿ ಹಿಡಿದಿದ್ದ ಅಷ್ಟೊಂದು ದಂಡು, ಹಡಗು, ಐರ್ಲೆಂಡಿನ ಹೊಳೆಯಾಚೆ ಗೆದ್ದ ಯುದ್ಧ ಎಲ್ಲ ಒಂದು ಬುಟ್ಟಿ ಸಡಿಲ ಮಣ್ಣಿನ ಮೇಲೆ ಕಾಲೂರಿತ್ತು. ಎಲ್ಲರೂ ದೊರೆಯ ಸುತ್ತ ಮುತ್ತಿಕೊಂಡಿದ್ದಾಗ ಬಾರೆಂಟ್ ಓಡಿಹೋಗಿ ಮಾಡಿದ್ದು ಎರಡು ಕೆಲಸ. ಗುಡ್ಡೆಯನ್ನು ತುಳಿದ. ಕಡ್ಡಿಯನ್ನು ಸೌದೆಯಡಿ ಬಚ್ಚಿಟ್ಟ.

ವಿಚಾರಣೆ ಅಲ್ಲೇ ದಾರಿಯಲ್ಲಿ ನಡೆದಿತ್ತು. ಹಾಲಿಕ್ ತಾತ ಹಲುಬೆಯನ್ನು ಎದೆಗೊತ್ತಿಕೊಂಡು, ಗರಿ ಇತ್ತು ಸ್ವಾಮೀ, ಅದಕ್ಕೇ ಬಿಟ್ಟೆ ಎಂದ. ಟಫ್ನೆಲ್ ಗರಿಯನ್ನು ತಾನು ಕಂಡೇ ಇಲ್ಲವೆಂಬಂತೆ ಬಾರೆಂಟ್ ಕಡೆ ತಿರುಗಿ, ಇತ್ತೇನೋ ಎಂದ. ಬಿದ್ದ ಹೊತ್ತಿನಲ್ಲಿ ಇರಲಿಲ್ಲ. ಆದ್ದರಿಂದ ಬಾರೆಂಟ್, "ಇರ್ಲಿಲ್ಲ ಯಜಮಾನ್ರೇ" ಎಂದ. ಸುಳ್ಳಲ್ಲ. ಸುಳ್ಳಲ್ಲದ ಒಂದು ಮಾತು ಒಬ್ಬ ಮುದುಕನ ಮುಖದ ಮೇಲೆ ಹೀಗೆ ಇಳಿಯಬಹುದೆಂದು ಅವನಿಗೆ ಗೊತ್ತಿರಲಿಲ್ಲ. ತಾತ ಜಗಳವಾಡಲಿಲ್ಲ. ತನ್ನ ಕಣ್ಣುಗಳನ್ನು ಒಂದೊಂದಾಗಿ ಮುಚ್ಚಿ ತೆರೆದು ನೋಡಿಕೊಂಡ. "ಇತ್ತು ಅನ್ನಿಸ್ತು," ಎಂದ. "ವಯಸ್ಸಾಯ್ತು. ಇರ್ಲಿಲ್ಲವೇನೋ." ತಾತ ವನದ ಅಂಚಿನ ತನ್ನ ಗುಡಿಸಲನ್ನು ಈ ಭಾನುವಾರ ಸಂಜೆಯೊಳಗೆ ಬಿಡಬೇಕೆಂದು ಹುಕುಂ ಆಗಿತ್ತು. ಭಾನುವಾರ ಇವತ್ತು.

ಗಾಬರಿಯಿಲ್ಲ ಎಂದಿದ್ದಾರಲ್ಲ. ಹಾಗಾದರೆ ಇವತ್ತು ಹೇಳಬಹುದು. ಪ್ರಾರ್ಥನೆ ಮುಗಿದ ಮೇಲೆ ಟಫ್ನೆಲ್ ಮುಂದೆ ನಿಂತು ಕಡ್ಡಿ ಮುರಿದ ಹಾಗೆ ಹೇಳಿಬಿಡುವುದು. ಕೆಲಸ ಹೋಗಬಹುದು, ನಾಲ್ಕು ಏಟು ಬೀಳಬಹುದು. ತಾತ ಸಂಜೆಗೆ ತನ್ನ ಒಲೆಯ ಮುಂದೆ ಇರುತ್ತಾನೆ. ಹೀಗಂದುಕೊಂಡ ಕೂಡಲೇ ಬಾರೆಂಟ್‌ಗೆ ಹಸಿವಾಯಿತು, ಹದಿನೈದು ದಿನದಲ್ಲಿ ಮೊದಲ ಸಲ. ಇನ್ನೊಂದು ತುಂಡು ರೊಟ್ಟಿಯನ್ನು ಕೈಯಲ್ಲಿ ಹಿಡಿದೇ ಹೊರಟ.

ಗುಡಿಸಲ ಮುಂದೆ ಕೈಗಾಡಿಯಲ್ಲಿ ತಾತನ ಸಂಸಾರವಿತ್ತು: ಒಂದು ಪೆಟ್ಟಿಗೆ, ಒಂದು ಪಾತ್ರೆ, ಕಾಲು ಅಲ್ಲಾಡುವ ಮಣೆ. ಹಲುಬೆ ಇರಲಿಲ್ಲ. ಅದು ಅರಮನೆಯದು, ಒಪ್ಪಿಸಿಯಾಗಿತ್ತು. ತಾತ ಖಾಲಿ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ.

"ಬಂದ್ಯೇನಪ್ಪ," ಎಂದ. "ಒಂದ್ ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಆ ಮರದ ಮೇಲೆ ಕೂತಿರೋದು ಕಾಗೇನಾ, ಪಾರಿವಾಳಾನಾ?"

"ಕಾಗೆ, ತಾತ."

"ನನಗೂ ಕಾಗೆ ಥರಾನೇ ಕಂಡಿತು. ಆದ್ರೆ ಈಗೀಗ ನನ್ ಕಣ್ಣು ಹೇಳಿದ್ದನ್ನ ನಾನೇ ನಂಬಲ್ಲ. ಇನ್ನೊಬ್ರನ್ನ ಕೇಳಿಕೊಳ್ತೀನಿ."

ಈಗ ಹೇಳಬೇಕಿತ್ತು. ಮಾತು ಗಂಟಲಿಗೆ ಬಂದು, ಅಲ್ಲಿ ಮಣ್ಣಿಲಿಯ ಹಾಗೆ ಬೆಳಕು ಕಂಡು ಹಿಂದಕ್ಕೆ ಸರಿಯಿತು. "ಮಣೆ ಹೊರ್ಲಾ ತಾತ?" ಎಂದ ಬಾರೆಂಟ್. ಹದಿಮೂರು ಹೆಜ್ಜೆ ಹೊತ್ತು ಮತ್ತೆ ಗಾಡಿಯಲ್ಲೇ ಇಟ್ಟ. ತಾತ ಅವನ ಭುಜ ತಟ್ಟಿ, "ಡಚ್ಚರಲ್ಲೂ ನಿನ್ನಂಥೋರಿದ್ದಾರೆ ಬಿಡು," ಎಂದ.

ಚರ್ಚಿನಲ್ಲಿ ಪಾದ್ರಿ ದೊರೆಯ ಆರೋಗ್ಯಕ್ಕಾಗಿ ಪ್ರಾರ್ಥಿಸುತ್ತಿದ್ದಾಗ ಹೊರಗೆ ಗೊರಸಿನ ಸದ್ದಾಯಿತು. ಬಾಗಿಲು ತೆರೆಯಿತು. ಬಂದವನು ಪಾದ್ರಿಯ ಕಿವಿಯಲ್ಲಿ ಏನೋ ಹೇಳಿದ. ಪಾದ್ರಿ ತೆರೆದ ಬಾಯಿ ಮುಚ್ಚದೆ, ಅದೇ ವಾಕ್ಯದಲ್ಲಿ ದೊರೆಯ ಹೆಸರಿದ್ದ ಜಾಗದಲ್ಲಿ ಅವರ ನಾದಿನಿಯ, ಹೊಸ ರಾಣಿಯ, ಹೆಸರು ಹಾಕಿ ಪ್ರಾರ್ಥನೆ ಮುಗಿಸಿದ. ದೊರೆ ಬೆಳಿಗ್ಗೆ ಎಂಟಕ್ಕೇ ತೀರಿಹೋಗಿದ್ದರಂತೆ. ಬಾರೆಂಟ್ ರೊಟ್ಟಿ ತಿನ್ನುತ್ತಿದ್ದ ಹೊತ್ತು. ಆಗಲೇ ಸತ್ತುಹೋಗಿದ್ದವನ ಆರೋಗ್ಯವನ್ನು ನಂಬಿಕೊಂಡು ಅವನು ಧೈರ್ಯ ಮಾಡಿದ್ದ, ಹಸಿದಿದ್ದ, ಮಣೆ ಹೊತ್ತಿದ್ದ. ಗಂಟೆ ಬಡಿಯತೊಡಗಿತು. ಪಕ್ಕದಲ್ಲಿ ಡಾರ್ಕಸ್, "ಪಾಪ, ಮಕ್ಕಳಿಲ್ಲ ಮರಿಯಿಲ್ಲ," ಎಂದು ಮೂಗೊರೆಸಿಕೊಂಡಳು. ಬಾರೆಂಟ್ ತನ್ನ ಕಾಲನ್ನು ನೋಡುತ್ತಿದ್ದ. ಇದೇ ಕಾಲು. ಒಂದು ಹೆಜ್ಜೆಯ ಕೆಲಸ.

ಹೊರಗೆ ಟಫ್ನೆಲ್ ಗೋರಿಗಳ ನಡುವೆ ನಿಂತು ಕೈಗವಸು ಹಾಕಿಕೊಳ್ಳುತ್ತಿದ್ದ. ಬಾರೆಂಟ್ ಅವನೆದುರು ಹೋಗಿ ನಿಂತಾಗ ಅದು ಧೈರ್ಯವಾಗಿರಲಿಲ್ಲ. ನಿಂತಲ್ಲಿ ನಿಲ್ಲಲಾಗದೆ ಮುಂದಕ್ಕೆ ಬಿದ್ದ ಹಾಗೆ ಹೋಗಿದ್ದ.

"ಯಜಮಾನ್ರೇ, ಆ ಗುಡ್ಡೆ ನಂದು. ಗರಿ ಇತ್ತು. ಹಾಲಿಕ್ ತಾತ ಹೇಳಿದ್ದು ನಿಜ. ಆಮೇಲೆ ಗರೀನ ನಾನೇ ಕಿತ್ತೆ."

"ಯಾಕೆ?"

"ನೀವು ನಕ್ಕಿದ್ರಿ. ಬಾವುಟ ಅಂದ್ರಿ. ಇಲಿ ಬಿಲ ಗೆದ್ಕೊಂಡ್ರಾ ಅಂತ ಕೇಳಿದ್ರಿ."

ಟಫ್ನೆಲ್ ಹಣೆ ಸುಕ್ಕಾಗಿಸಿ ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದ. ಅದೇ ಬಾರೆಂಟ್‌ಗೆ ಎಲ್ಲಕ್ಕಿಂತ ಕಷ್ಟವಾಯಿತು. "ನಾನಾ? ಅಂದಿದ್ನಾ?" ಎಂದ. ಆಮೇಲೆ ತುಟಿಯ ತುದಿಯಲ್ಲಿ ಸಣ್ಣ ನಗು. "ಇಲಿ ಬಿಲ. ಚೆನ್ನಾಗಿದೆ. ಆದ್ರೆ ನೆನಪಿಲ್ಲ ನೋಡು." ಇನ್ನೊಂದು ಕೈಗವಸು ಹಾಕಿಕೊಂಡ. "ಕೇಳು ಇಲ್ಲಿ. ಸಿಂಹಾಸನ ನಿಮ್ಮೋರು ತಗೊಂಡ್ರಿ. ತೋಟ ನಿಮ್ಮದು, ಕಿತ್ತಳೆ ನಿಮ್ಮದು. ಈಗ ಈ ತಪ್ಪೂ ನಿಮಗೇ ಬೇಕಾ? ನಮ್ಗೂ ಏನಾದ್ರೂ ಬಿಡ್ರಯ್ಯ. ವಿಚಾರಣೆ ಮುಗ್ದಿದೆ, ಕಾಗದ ಲಂಡನ್ನಿಗೆ ಹೋಗಿದೆ, ಅದನ್ನ ಓದ್ಬೇಕಾಗಿದ್ದೋರು ಸತ್ತೋಗಿದ್ದಾರೆ. ಹೊಸ ರಾಣಿಯೋರು ಡಚ್ಚರನ್ನ ಎಷ್ಟು ದಿನ ಇಟ್ಕೋತಾರೋ ನೋಡೋಣ. ಅಲ್ಲೀವರೆಗೆ ಇಲಿ ಹಿಡಿ ಹೋಗು."

ತಾತ ಗುಡಿಸಲಲ್ಲಿರಲಿಲ್ಲ. ಗಾಡಿಯೂ ಇರಲಿಲ್ಲ. ಬಾರೆಂಟ್ ಅದರ ಚಕ್ರದ ಗುರುತು ಹಿಡಿದು ನಡೆದ. ಗುರುತು ಓದುವುದು ಅವನ ಕಸುಬು. ಅದು ಅವನನ್ನು ಪೈಕ್ ಎಂಬವನ ಬಿಯರಂಗಡಿಯ ಬಾಗಿಲಿಗೆ ತಂದುಬಿಟ್ಟಿತು. ಈ ದೊರೆಯನ್ನು ಎಂದೂ ದೊರೆ ಎನ್ನದವರು ಸೇರುವ ಜಾಗ. ಹಿಂದಿನ ದೊರೆ ಕಡಲಾಚೆ ಓಡಿಹೋದಂದಿನಿಂದ ಅವರು ಅರಸನನ್ನು ಅರಸುತ್ತಲೇ ಇದ್ದರು, ಬಟ್ಟಲಿನ ತಳದಲ್ಲಿ. ಇವತ್ತು ಅವರ ಮುಖಗಳು ತೊಳೆದಿಟ್ಟ ಹಾಗಿದ್ದವು. ಒಲೆಯ ಪಕ್ಕದ ದೊಡ್ಡ ಕುರ್ಚಿಯಲ್ಲಿ, ಪೈಕ್ ಸ್ವತಃ ಕೂರುವ ಕುರ್ಚಿಯಲ್ಲಿ, ಹಾಲಿಕ್ ತಾತ ಕೂತಿದ್ದ. ಕೈಯಲ್ಲಿ ನೊರೆ ಇಳಿಯದ ಬಟ್ಟಲು. ಖಾಲಿ ಕೈಗೆ ಕೊನೆಗೂ ಹಿಡಿಯಲೊಂದು ಸಿಕ್ಕಿತ್ತು.

"ನೆಲದಡಿಯ ಕರಿ ಮಖಮಲ್ ಕೋಟಿನ ಚಿಕ್ಕ ಸಾಹೇಬರಿಗೆ," ಎಂದು ಪೈಕ್ ಬಟ್ಟಲೆತ್ತಿದ. "ಅವರಿಗೆ ಅರಮನೆ ಕಟ್ಟೋಕೆ ಜಾಗ ಬಿಟ್ಟುಕೊಟ್ಟ ನಮ್ಮ ಹಾಲಿಕ್ ತಾತನಿಗೆ." ಎಲ್ಲರೂ ಕುಡಿದರು. ಬಾಗಿಲಲ್ಲಿ ನಿಂತ ಬಾರೆಂಟ್‌ನನ್ನು ಕಂಡು ಒಬ್ಬ, "ಬಾರೋ ಬೆಣ್ಣೆಡಬ್ಬಿ, ಇವತ್ತು ನೀನೂ ಕರಗ್ತೀಯ," ಎಂದ.

ಬಾರೆಂಟ್ ಕುರ್ಚಿಯ ಪಕ್ಕ ಬಗ್ಗಿ ಮುದುಕನ ಕಿವಿಯ ಹತ್ತಿರ ಬಾಯಿ ತಂದ. "ತಾತ, ಗರಿ ಇತ್ತು. ನಿನ್ ಕಣ್ಣು ಸರಿಯಾಗಿದೆ. ಕಿತ್ತಿದ್ದು ನಾನು, ನೀನು ಹೋದ್ಮೇಲೆ. ಇವರಿಗೆ ಹೇಳ್ತೀನಿ ಈಗ."

ತಾತ ಬಟ್ಟಲಿನ ನೊರೆಯ ಕಡೆ ಬಗ್ಗಿದ. ಅವನ ಕಣ್ಣಂಚು ತೇವವಾಯಿತು. ಅದು ಹೊಗೆಗೂ ಇರಬಹುದು.

"ಮೆತ್ತಗೆ," ಎಂದ. "ಲಾಯದ ಮೇಲಿನ ಕೋಣೆ ಕೊಟ್ಟಿದ್ದಾನೆ ಪೈಕ್. ಸಾಯೋತನಕ ಇರು ಅಂದಿದ್ದಾನೆ, ಊಟ ಹಾಕ್ತೀನಿ ಅಂದಿದ್ದಾನೆ. ಯಾಕೆ ಗೊತ್ತಾ? ನಾನು ಕುರುಡ, ಕಾಣದೆ ಗುಡ್ಡೆ ಬಿಟ್ಟೆ, ಅದಕ್ಕೇ ದೊರೆ ಬಿದ್ದ ಅಂತ. ಈಗ ನನಗೆ ಕಣ್ಣು ಕಾಣುತ್ತೆ ಅಂತ ಹೇಳ್ತೀಯಾ ಇವರಿಗೆ?"

"ತಾತ..."

"ಹದಿನೈದು ದಿನದ ಹಿಂದೆ ಬೇಕಿತ್ತು ಕಣಪ್ಪ ಆ ಕಣ್ಣು. ಈಗ ಇಟ್ಕೊಂಡು ಏನ್ ಮಾಡ್ಲಿ." ಬಟ್ಟಲನ್ನು ತುಟಿಗಿಟ್ಟು ಇಳಿಸಿದ. ಮೀಸೆಯ ಮೇಲೆ ಬಿಳಿ ಹತ್ತಿತ್ತು. "ಹೋಗು. ಇನ್ನೊಂದ್ಸಲ ನನ್ನ ಮುಂದೆ ಬರ್ಬೇಡ."

ಕುರ್ಚಿಯ ಕೈಯನ್ನು ಹಿಡಿದು ಅವನು ಸಭೆಯ ಕಡೆ ತಿರುಗಿದ. "ನಾನು ಹರಗ್ತಾ ಹರಗ್ತಾ ಬಂದೆ," ಎಂದು ಶುರು ಮಾಡಿದ, "ಮುಂದೆ ಏನಿದೆ ಅಂತ ನನಗೆ ಕಾಣಲೇ ಇಲ್ಲ." ಜನ ಹೋ ಎಂದರು.

ಬಾರೆಂಟ್ ಮನೆಯೊಳಗೆ ಹೋಗಲಿಲ್ಲ, ಹಿತ್ತಲಿಗೆ ಹೋದ. ಬಟಾಣಿ ಸಾಲಿನಿಂದ ಕಡ್ಡಿ ಕಿತ್ತ. ಒಳಗಿನಿಂದ ಡಾರ್ಕಸ್, "ಸಾಲು ತುಳೀಬೇಡ," ಎಂದು ಕೂಗಿದಳು. ಜಿಂಕೆವನದಲ್ಲಿ ಯಾರೂ ಇರಲಿಲ್ಲ. ಗಂಟೆ ಇನ್ನೂ ಬಡಿಯುತ್ತಿತ್ತು. ಬಿಸಿಲು ಮರಗಳ ಸಾಲಿನ ಕೆಳಗಿಳಿದು ಕುದುರೆದಾರಿಯ ಮೇಲೆ ಅಡ್ಡಡ್ಡ ಬಿದ್ದಿತ್ತು. ಆ ಜಾಗದಲ್ಲಿ, ತಾನು ತುಳಿದು ಚಪ್ಪಟೆ ಮಾಡಿದ್ದ ಅದೇ ಜಾಗದಲ್ಲಿ, ಹೊಸ ಗುಡ್ಡೆಯೊಂದು ಎದ್ದಿತ್ತು. ಮಂಡಿಯೂರಿ ಒಂದು ಚಿಟಿಕೆ ನಾಲಗೆಯ ಮೇಲಿಟ್ಟುಕೊಂಡ. ತಣ್ಣಗಿತ್ತು. ಆಳದ್ದು. ಮುದಿ ಪ್ರಾಣಿ ಒಳಗೆ ತನ್ನ ಪಾಡಿಗೆ ಕೆಲಸದಲ್ಲಿತ್ತು. ಒಬ್ಬ ದೊರೆ ಹೋದ, ಒಬ್ಬ ರಾಣಿ ಬಂದಳು, ಅದಕ್ಕೆ ಮೇಲಿನ ಸುದ್ದಿ ಮುಟ್ಟಿರಲಿಲ್ಲ. ಬಾರೆಂಟ್ ಪಕ್ಕದಲ್ಲಿ ಕಡ್ಡಿ ನೆಟ್ಟ. ಗರಿಯಲ್ಲಿ ಅಂಟಿದ್ದ ಬಟಾಣಿ ಸಾಲಿನ ಮಣ್ಣನ್ನು ಒರೆಸಿ ನೆಟ್ಟಗೆ ಮಾಡಿದ. ಅದರಿಂದ ಏನೂ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವತ್ತು ಗರಿ ಇದ್ದಿದ್ದರೂ ಏನಾದರೂ ಆಗುತ್ತಿತ್ತೋ ಇಲ್ಲವೋ. ಕುದುರೆ ವೇಗದಲ್ಲಿತ್ತು, ಒಂದು ಬಿಳಿ ಗರಿಯನ್ನು ಯಾವ ಕುದುರೆ ನೋಡುತ್ತದೆ. ಹೀಗೆ ಯೋಚಿಸಿದಾಗ ಎದೆಯಲ್ಲಿ ಯಾವುದೋ ಒಂದು ಸುರಂಗ ತೆರೆದು ಸ್ವಲ್ಪ ಗಾಳಿಯಾಡಿತು. ಇದ್ದಿದ್ದರೂ ದೊರೆ ಬೀಳುತ್ತಿದ್ದರು. ಇದ್ದಿದ್ದರೂ. ಅದನ್ನೇ ಹಿಡಿದುಕೊಂಡು ಅವನು ಮರಕ್ಕೊರಗಿ ಕೂತ. ಇದೊಂದು ಮಾತಿದ್ದರೆ ಬಾಳಬಹುದು ಅನ್ನಿಸಿತು.

ದಾರಿಯ ತುದಿಯಲ್ಲಿ ಗೊರಸಿನ ಸದ್ದು. ಟಫ್ನೆಲ್. ಅರಮನೆಯಿಂದ ಯಾವುದೋ ಕರೆ ಬಂದಿರಬೇಕು, ನಾಗಾಲೋಟದಲ್ಲಿ ಬರುತ್ತಿದ್ದ. ಲಗಾಮು ಸಡಿಲ, ತಲೆ ತಗ್ಗಿಸಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ, ಮುಂದೆ ನೋಡುತ್ತಿರಲಿಲ್ಲ. ಬಾರೆಂಟ್ ಎದ್ದು ನಿಂತ. ಕೂಗಲಿಲ್ಲ. ಕುದುರೆ ಗುಡ್ಡೆಗೆ ಇಪ್ಪತ್ತು ಮಾರು ಇದ್ದಾಗ ಕಿವಿ ನಿಮಿರಿಸಿತು. ಗರಿ ಗಾಳಿಗೆ ಒಂದು ಸಲ ಅಲುಗಿತು. ಯಾರೂ ಲಗಾಮು ಎಳೆಯದೆ, ಯಾರೂ ಹೇಳದೆ, ಕುದುರೆ ಎಡಕ್ಕೆ ಒಂದು ಮಾರು ಸರಿದು, ಗುಡ್ಡೆಯನ್ನು ಬಳಸಿ, ಮತ್ತೆ ದಾರಿಗೆ ಬಂದು ಓಡಿತು. ಟಫ್ನೆಲ್‌ಗೆ ಗೊತ್ತೇ ಆಗಲಿಲ್ಲ. ಗುಂಡಿ ಹಾಕಿಕೊಳ್ಳುತ್ತಲೇ ಹೋದ.